ನೆನಪಿಗೆ ಸಾಕ್ಷಿ ಯಾರು?

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಸಿಗುತ್ತದೆ. ಅಲ್ಲಿಯ ಅಶೋಕನ ಬಂಡೆಯ ಮುಂದೆ ನಿಂತಾಗ, ವಿಚಿತ್ರವೆಂದರೆ, ನನಗೆ ನೆನಪಾದದ್ದು ಬೆಂಗಳೂರಿನಲ್ಲಿ ಗಣಕಯಂತ್ರದ ಕೆಲಸ ಮಾಡುವ ಸೋದರಳಿಯನ ಮಾತು.

ಹೊಸ ಗಣಕಯಂತ್ರವನ್ನು ಕಟ್ಟುವ ಮುನ್ನ ಅದರ ನಡವಳಿಕೆಯನ್ನು ಅನುಕರಿಸುವ ಪ್ರೋಗ್ರಾಮೊಂದನ್ನು ಬರೆದು ನೋಡುತ್ತಾರೆ. ಅದೇ ಸಿಮ್ಯುಲೇಟರ್; 2011ರ ಹೊತ್ತಿಗೆ ರೂಪುಗೊಂಡ ಜೆಮ್-ಫೈವ್ ಅಂಥದೊಂದು. ಯಂತ್ರದೊಳಗೆ ಲೆಕ್ಕ ಮಾಡುವವರು ಹಲವರು. ಸ್ಮೃತಿಯ ದೊಡ್ಡ ಉಗ್ರಾಣ ದೂರವಾದ್ದರಿಂದ ಪ್ರತಿಯೊಬ್ಬನೂ ತನಗೆ ಬೇಕಾದಷ್ಟರ ನಕಲನ್ನು ಕೈಯಳತೆಯಲ್ಲಿ ಇಟ್ಟುಕೊಂಡಿರುತ್ತಾನೆ. ಒಬ್ಬನು ತಿದ್ದಿದ್ದು ಇನ್ನೊಬ್ಬನಿಗೆ ಮುಟ್ಟದಿದ್ದರೆ ಅವನು ಹಳೆಯದನ್ನೇ ನಿಜವೆಂದು ಓದುತ್ತಾನೆ. ಇದನ್ನು ಪರೀಕ್ಷಿಸುವ ಕ್ರಮ ಸರಳ: ಒಂದು ಜಾಗದಲ್ಲಿ ಗೊತ್ತಾದ ಸಂಖ್ಯೆಯನ್ನು ಬರೆದು, ಬೇರೊಂದು ಕಡೆ ಗುರುತು ಹಾಕಿಕೊಂಡು, ಬೇಕೆಂದೇ ಗೊಂದಲವೆಬ್ಬಿಸಿ, ಆಮೇಲೆ ಓದಿ ತಾಳೆ ನೋಡುವುದು. ತಪ್ಪು ಕಾಣುವುದು ಓದುವಾಗ. ನಡೆದಿರುವುದು ಎಷ್ಟೋ ಹಿಂದೆ.

“ಗುರುತನ್ನೂ ಅದೇ ಸ್ಮೃತಿಯಲ್ಲಿ ಇಟ್ಟರೆ?” ಎಂದೆ.

“ಎರಡೂ ಒಟ್ಟಿಗೆ ಕೆಟ್ಟರೆ ಪರೀಕ್ಷೆ ಪಾಸು!” ಎಂದು ನಕ್ಕ.

ನನಗೆ ನಗು ಬರಲಿಲ್ಲ. ಸ್ನೇಹಿತನೊಬ್ಬನ ಸಾಲವನ್ನು ತೀರಿಸಿದ್ದೇನೆಂದು ನಾನು ವರ್ಷಗಟ್ಟಲೆ ವಾದಿಸಿದವನು. ನನ್ನ ದಿನಚರಿಯೇ ಸಾಕ್ಷಿ ಎಂದಿದ್ದೆ. ಆ ದಿನಚರಿಯನ್ನು ವಾರಕ್ಕೊಮ್ಮೆ ನೆನಪಿನಿಂದ ತುಂಬಿಸುತ್ತಿದ್ದವನೂ ನಾನೇ. ನಾನು ಸುಳ್ಳುಗಾರನೆ? ಅಲ್ಲ. ಹಳೆಯ ನಕಲನ್ನು ಓದುವ ಯಂತ್ರವೂ ಸುಳ್ಳು ಹೇಳುತ್ತಿಲ್ಲ. ಆದರೆ ಯಂತ್ರಕ್ಕೆ ತಾನಾಗಿ ಎದ್ದುಹೋಗಿ ವಿಚಾರಿಸುವ ಶಕ್ತಿಯಿಲ್ಲ, ನನಗಿತ್ತು. ಅವನ ಲೆಕ್ಕದ ಪುಸ್ತಕವನ್ನು ನಾನು ನೋಡಲೊಲ್ಲೆ ಎಂದಿದ್ದೆ.

1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಶಾಸನಗಳನ್ನು ಓದಿದಾಗ, ಅವುಗಳಲ್ಲಿಯ ‘ದೇವಾನಂಪಿಯ ಪಿಯದಸಿ’ ಸಿಂಹಳದ ದೊರೆಯೆಂದು ಭಾವಿಸಿದ್ದ. ಸಿಂಹಳದಲ್ಲಿದ್ದ ಜಾರ್ಜ್ ಟರ್ನರ್ ಅಲ್ಲಿಯ ಪಾಳಿ ಗ್ರಂಥ ದೀಪವಂಸವನ್ನು ನೋಡಿ, ಅವನು ಅಶೋಕನೆಂದು ತೋರಿಸಿಕೊಟ್ಟ. ಪ್ರಿನ್ಸೆಪ್ ತಿದ್ದಿಕೊಂಡ; ಪಂಡಿತರಲ್ಲಿ ಅದೇನೂ ಸಾಮಾನ್ಯ ಗುಣವಲ್ಲ. ಆದರೂ ಅದು ಗ್ರಂಥದ ಮಾತು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಮಸ್ಕಿಯ ಶಾಸನವನ್ನು ಕಂಡ, ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಪ್ರಕಟಿಸಿದರು. ಅದರಲ್ಲಿ ‘ದೇವಾನಂಪಿಯ’ ಎಂಬ ಬಿರುದಿನ ಜೊತೆಗೇ ‘ಅಸೋಕ’ ಎಂಬ ಹೆಸರಿತ್ತು. ಮಸ್ಕಿಯ ಕಲ್ಲುಕುಟಿಗನು ದೀಪವಂಸವನ್ನು ಓದಿರಲಾರ. ಅದು ಹುಟ್ಟಿದ್ದು ಶತಮಾನಗಳಾಚೆ. ತಾಳೆಗೆ ಬೆಲೆ ಬಂದದ್ದು ಅದರಿಂದ.

ಸಿಂಧನೂರಿನ ಬಸ್ಸು ಬರುವುದಕ್ಕೆ ಇನ್ನೂ ಹೊತ್ತಿತ್ತು. ಸ್ನೇಹಿತನಿಗೆ ಫೋನು ಮಾಡಿ, ಆ ಲೆಕ್ಕದ ಪುಸ್ತಕ ಇನ್ನೂ ಇದೆಯೇ ಎಂದು ಕೇಳಿದೆ. ಇದೆಯಂತೆ.