ಕೂಡಿಡುವ ಹೊನ್ನು, ಕೊಡುವ ಹೊನ್ನು

ಕೂಲಿಯಿಲ್ಲದ ಕೆಲಸಕ್ಕೆ ಮನುಷ್ಯ ಮತ್ತೆ ಮತ್ತೆ ಬರುವುದೇಕೆ? ಜಾತ್ರೆಯಲ್ಲಿ ಕುಡಿಯುವ ನೀರು ಕೊಡಲು ನಿಲ್ಲುವವರನ್ನೋ ರಕ್ತದಾನ ಶಿಬಿರಕ್ಕೆ ವರ್ಷವೂ ತಪ್ಪದೆ ಬರುವವರನ್ನೋ ಕೇಳಿದರೆ, ಬಹುಮಂದಿ ನಕ್ಕು ಸುಮ್ಮನಾಗುತ್ತಾರೆ. ಅಂತರ್ಜಾಲ ಮಾತ್ರ ಈ ಪ್ರಶ್ನೆಗೆ ತನ್ನದೇ ಆದ ಉತ್ತರವೊಂದನ್ನು ಮುಂದಿಟ್ಟಿದೆ. ಸ್ವಯಂಸೇವಕರಿಗೆ ಅಂಕ ಕೊಡಿ, ಪದಕ ಕೊಡಿ, ತೆರೆಯ ಮೇಲಷ್ಟೇ ಬಾಳುವ ನಾಣ್ಯ ಕೊಡಿ, ಅವರು ತಾವಾಗಿಯೇ ಬರುತ್ತಾರೆ ಎಂಬುದು ಆ ಉತ್ತರ. ಅಂಗಡಿಯಲ್ಲಿ ಒಂದು ಬಾಳೆಹಣ್ಣನ್ನೂ ತಂದುಕೊಡದ ಈ ಹಣ ಮನಸ್ಸಿನ ಮೇಲೆ ಏನು ಮಾಡುತ್ತದೆ ಎಂಬುದನ್ನು ಹತ್ತಿರದಿಂದ ನೋಡುವ ಅವಕಾಶ ನನಗೆ ಒದಗಿತು. ಅಂದಿನಿಂದ ಅದರ ಬಗ್ಗೆ ಯೋಚಿಸುತ್ತಲೇ ಇದ್ದೇನೆ.

ನಾವು ಕೆಲವರು ವಿಕಿಸೋರ್ಸ್ ಎಂಬ ಮುಕ್ತ ಜಾಲಗ್ರಂಥಾಲಯದಲ್ಲಿ ಹಳೆಯ ಕನ್ನಡ ಪುಸ್ತಕಗಳ ಕರಡು ತಿದ್ದುತ್ತೇವೆ. ಭಾರತದ ಕಾನೂನಿನಂತೆ ಲೇಖಕರು ತೀರಿಕೊಂಡು 60 ವರ್ಷ ಕಳೆದ ಮೇಲೆ ಅವರ ಕೃತಿ ಎಲ್ಲರದಾಗುತ್ತದೆ. ಅಂಥ ಪುಸ್ತಕದ ಪುಟಗಳನ್ನು ಸ್ಕ್ಯಾನ್ ಮಾಡಿ ಏರಿಸಿದರೆ, ಓಸಿಆರ್ ತಂತ್ರಾಂಶ ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುತ್ತದೆ. ಆದರೆ ಕನ್ನಡದ ಹಳೆಯ ಅಚ್ಚು ಯಂತ್ರಕ್ಕೆ ಸುಲಭವಾಗಿ ಒಲಿಯುವುದಿಲ್ಲ. ಅರ್ಕಾವತ್ತು ಕನ್ನಡದ ಒಂಬತ್ತರಂತೆಯೇ ಕಾಣುವುದರಿಂದ ‘ಧರ್ಮ’ವು ‘ಧಮ೯’ ಆಗಿ ಕುಳಿತಿರುತ್ತದೆ. ಸೊನ್ನೆ ಎಲ್ಲಿ ಅನುಸ್ವಾರ, ಎಲ್ಲಿ ಅಂಕಿ ಎಂಬುದು ಅದಕ್ಕೆ ತಿಳಿಯದು. ಮಾಸಿದ ಕಾಗದದಲ್ಲಿ ಒತ್ತಕ್ಷರಗಳು ಕಳೆದೇ ಹೋಗಿರುತ್ತವೆ. ಎಡಗಡೆ ಪಠ್ಯ, ಬಲಗಡೆ ಚಿತ್ರ ಇಟ್ಟುಕೊಂಡು ಸಾಲು ಸಾಲಾಗಿ ಹೋಲಿಸಿ ತಿದ್ದಬೇಕು. ತಿದ್ದಿದ ಪುಟ ಹಳದಿಯಾಗುತ್ತದೆ. ಅದನ್ನು ಇನ್ನೊಬ್ಬರು ಮೊದಲಿನಿಂದ ಓದಿ ಒಪ್ಪಿದರೆ ಹಸಿರಾಗುತ್ತದೆ. ತಾನು ತಿದ್ದಿದ ಪುಟವನ್ನು ತಾನೇ ಹಸಿರು ಮಾಡಲು ಆ ವ್ಯವಸ್ಥೆ ಯಾರಿಗೂ ಬಿಡುವುದಿಲ್ಲ.

ಕೆಲಸ ಕುಂಟುತ್ತಿದ್ದ ಒಂದು ಕಾಲದಲ್ಲಿ ಗುಂಪಿನವರೇ ಸೇರಿ ಒಂದು ನಾಣ್ಯವನ್ನು ಮಾಡಿಕೊಂಡೆವು. ಅದಕ್ಕೆ ‘ಹೊನ್ನು’ ಎಂದು ಹೆಸರು. ಪುಟ ತಿದ್ದಿದವರಿಗೆ ಹೊನ್ನು ಬರುತ್ತಿತ್ತು. ಒಪ್ಪಿದವರಿಗೂ ಬರುತ್ತಿತ್ತು, ಆದರೆ ಕಡಿಮೆ. ಎಲ್ಲರಿಗೂ ಕಾಣುವ ಪಟ್ಟಿಯೊಂದರಲ್ಲಿ ಹೆಚ್ಚು ಹೊನ್ನು ಇದ್ದವರ ಹೆಸರು ಮೇಲಕ್ಕೆ ಏರುತ್ತಿತ್ತು. ಫಲ ಬೇಗನೆ ಕಂಡಿತು. ತಿದ್ದಿದ ಪುಟಗಳು ದಿನದಿನಕ್ಕೂ ಹೆಚ್ಚಿದವು. ತಿಂಗಳುಗಟ್ಟಲೆ ಕಾಣದಿದ್ದವರು ಮರಳಿ ಬಂದರು, ಹೊಸಬರೂ ಸೇರಿದರು. ಆದರೆ ಬೇರೊಂದು ಬದಲಾವಣೆಯೂ ಸದ್ದಿಲ್ಲದೆ ಆಗಿತ್ತು. ನಾಲ್ಕೇ ಸಾಲಿನ ಪದ್ಯವಿರುವ ಪುಟಗಳು, ಅಧ್ಯಾಯ ಮುಗಿದು ಅರ್ಧ ಖಾಲಿಯಿದ್ದ ಪುಟಗಳು ಮೊದಲು ಮುಗಿದವು. ಕೋಷ್ಟಕ, ಅಡಿಟಿಪ್ಪಣಿ, ಹಳಗನ್ನಡದ ಉದ್ಧರಣೆ ಇದ್ದ ಪುಟಗಳು ಹಾಗೇ ಉಳಿದವು. ಹಳದಿ ಪುಟಗಳು ರಾಶಿ ಬಿದ್ದವು, ಹಸಿರು ಮಾತ್ರ ಹೆಚ್ಚಲಿಲ್ಲ. ಯಾರೂ ಮೋಸ ಮಾಡಿರಲಿಲ್ಲ. ನಾಣ್ಯ ಯಾವುದಕ್ಕೆ ಬೆಲೆ ಕಟ್ಟಿತ್ತೋ ಆ ಕಡೆಗೆ ಎಲ್ಲರ ಗಮನ ಹರಿದಿತ್ತು, ಅಷ್ಟೆ.

ಇದನ್ನು ಕಂಡಾಗ, ಸೇವೆಗೆ ಲೆಕ್ಕ ಹಚ್ಚಿದರೆ ಅದು ಸೇವೆಯಾಗಿ ಉಳಿಯುವುದಿಲ್ಲ, ನಿಜವಾದ ಸ್ವಯಂಸೇವಕನಿಗೆ ಪ್ರತಿಫಲ ಬೇಕಾಗಿಲ್ಲ ಎಂದು ನನ್ನ ಮನಸ್ಸು ತೀರ್ಪು ಕೊಟ್ಟುಬಿಟ್ಟಿತು. ನಿಷ್ಕಾಮ ಕರ್ಮದ ಮಾತನ್ನು ಚಿಕ್ಕಂದಿನಿಂದ ಕೇಳಿ ಬೆಳೆದವರಿಗೆ ಈ ತೀರ್ಪು ಸಹಜವಾಗಿಯೇ ಬರುತ್ತದೆ. ಆದರೆ ಸುಲಭವಾಗಿ ಬಂದದ್ದನ್ನು ಇನ್ನೊಮ್ಮೆ ನೋಡಬೇಕು ಎನ್ನಿಸಿತು. ಗುಂಪಿಗೆ ಹೊಸದಾಗಿ ಬಂದ ಎಂಜಿನಿಯರಿಂಗ್ ವಿದ್ಯಾರ್ಥಿನಿಯೊಬ್ಬಳು ಹೇಳಿದ ಮಾತು ನನ್ನನ್ನು ತಡೆಯಿತು. ಮೊದಲ ವಾರ ತಾನು ಮಾಡುತ್ತಿರುವುದು ಸರಿಯೋ ತಪ್ಪೋ, ಯಾರಿಗಾದರೂ ಬೇಕೋ ಬೇಡವೋ ಎಂಬುದೇ ಅವಳಿಗೆ ತಿಳಿದಿರಲಿಲ್ಲವಂತೆ. ತನ್ನ ಹೆಸರಿನ ಮುಂದೆ ಒಂದು ಸಂಖ್ಯೆ ಕಂಡ ದಿನ, ತಾನೂ ಇಲ್ಲಿನವಳು ಎಂಬ ಧೈರ್ಯ ಬಂತಂತೆ. ಅವಳ ಈ ಹಂಬಲವನ್ನು ಲೋಭ ಎಂದು ಕರೆಯಲು ನನಗೆ ಬಾಯಿ ಬರಲಿಲ್ಲ. ಏನೂ ಬಯಸದೆ ದುಡಿಯಬೇಕು ಎಂಬ ಉಪದೇಶವನ್ನು ಹೆಚ್ಚಾಗಿ ಹೇಳುವವರು ಆಗಲೇ ಹೆಸರು, ಮನ್ನಣೆ, ನೆಮ್ಮದಿ ಎಲ್ಲವನ್ನೂ ಪಡೆದವರು ಎಂಬುದೂ ಆಗ ಹೊಳೆಯಿತು. ಮನೆಯಲ್ಲಿ ತಾಯಂದಿರು ಮಾಡುವ ಕೆಲಸವನ್ನು ಸೇವೆ ಎಂದು ಕೊಂಡಾಡಿ ಲೆಕ್ಕದಿಂದ ಹೊರಗಿಟ್ಟ ಸಮಾಜ ನಮ್ಮದು. ಲೆಕ್ಕ ಬೇಡ ಎನ್ನುವುದು ಯಾವಾಗಲೂ ಔದಾರ್ಯವಾಗಿರುವುದಿಲ್ಲ. ಕೆಲವೊಮ್ಮೆ ಅದು ಪಡೆಯುವವರ ಅನುಕೂಲ.

ಹಾಗಾದರೆ ಹೊನ್ನಿನಲ್ಲಿ ಕೊರತೆಯಿದ್ದದ್ದು ಎಲ್ಲಿ? ಉತ್ತರದ ಎಳೆ ಸಿಕ್ಕಿದ್ದು ನಮ್ಮ ಗುಂಪಿನ ನಿವೃತ್ತ ಉಪಾಧ್ಯಾಯರೊಬ್ಬರಿಂದ. ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತೇವೆ. ಯಾರೂ ಮುಟ್ಟದ ಅಡಿಟಿಪ್ಪಣಿಯ ಪುಟಗಳನ್ನು ಆರಿಸಿಕೊಂಡು ತಿದ್ದುವವರು ಅವರು. ಪಟ್ಟಿಯಲ್ಲಿ ಅವರ ಹೆಸರು ಸದಾ ತಳದಲ್ಲಿರುತ್ತಿತ್ತು. ಆ ಹುಡುಗಿಯೇ ಒಮ್ಮೆ ಕೇಳಿದಳು, “ಮೇಷ್ಟ್ರೇ, ಇಷ್ಟು ಕಷ್ಟಪಡ್ತೀರಿ, ಹೊನ್ನು ಮಾತ್ರ ಬರೋದೇ ಇಲ್ಲ. ಬೇಜಾರಾಗಲ್ವಾ?” ಅವರು ಹೇಳಿದರು, “ಹೊನ್ನಿನ ಮಾತು ಬಿಡಮ್ಮ. ನಾನು ತಿದ್ದಿದ ಪುಟ ಒಂದೂ ಹಸಿರಾಗಿಲ್ಲ ನೋಡು. ಯಾರೂ ಓದಿಲ್ಲ ಅಂತ ತಾನೇ ಅದರರ್ಥ? ಬೇಜಾರು ಅದಕ್ಕೆ.”

ಈ ಮಾತನ್ನು ನಾನು ಬಹಳ ಸಲ ಮನಸ್ಸಿನಲ್ಲಿ ತಿರುವಿ ನೋಡಿದ್ದೇನೆ. ಮೇಷ್ಟ್ರಿಗೆ ಪ್ರತಿಫಲ ಬೇಡವಾಗಿತ್ತು ಎನ್ನಲಾಗದು, ಅವರಿಗೂ ಒಂದು ಬೇಕಾಗಿತ್ತು. ಹುಡುಗಿಗೆ ಬೇಕಾಗಿದ್ದದ್ದೂ ಅದೇ. ತಾನು ಮಾಡಿದ್ದನ್ನು ತಿಳಿದವರೊಬ್ಬರು ನೋಡಬೇಕು ಎಂಬ ಆಸೆ ಅದು. ಹುಡುಗಿಗೆ ಸಂಖ್ಯೆಯೇ ಆ ನೋಟದ ಗುರುತಾಗಿ ಕಂಡಿತ್ತು. ಬಹುಕಾಲ ಕೆಲಸ ಮಾಡಿದ ಮೇಷ್ಟ್ರಿಗೆ ಸಂಖ್ಯೆಯ ಹಿಂದೆ ಯಾವ ಕಣ್ಣೂ ಇಲ್ಲವೆಂಬುದು ಗೊತ್ತಿತ್ತು.

ಇತರರು ಪರೀಕ್ಷಿಸಿ ಕಂಡುಕೊಂಡದ್ದೂ ಇದಕ್ಕೆ ಹತ್ತಿರವಾಗಿದೆ. 1973ರಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು, ಚಿತ್ರ ಬಿಡಿಸುವುದನ್ನು ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಚಿತ್ರ ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆಂದು ಮೊದಲೇ ಹೇಳಿಸಿಕೊಂಡ ಮಕ್ಕಳಲ್ಲಿ, ಆಮೇಲೆ ತಾವಾಗಿಯೇ ಚಿತ್ರ ಬರೆಯುವ ಆಸಕ್ತಿ ಕುಗ್ಗಿತು. ಅದೇ ಪತ್ರವನ್ನು ಹೇಳದೆ, ಬರೆದಾದ ಮೇಲೆ ಪಡೆದ ಮಕ್ಕಳಲ್ಲಿ ಹಾಗೆ ಕುಗ್ಗಲಿಲ್ಲ. ವಿಕಿಪೀಡಿಯದಲ್ಲಿ 2003ರಿಂದ ‘ಬಾರ್ನ್‌ಸ್ಟಾರ್’ ಎಂಬ ಪದ್ಧತಿಯಿದೆ. ಯಾವ ಸಂಪಾದಕರು ಬೇಕಾದರೂ ಇನ್ನೊಬ್ಬರ ಕೆಲಸ ಮೆಚ್ಚಿ, ಕಾರಣ ಬರೆದು, ಅವರ ಪುಟದಲ್ಲಿ ಒಂದು ನಕ್ಷತ್ರ ಇಟ್ಟುಬರಬಹುದು. ಮೈಕೆಲ್ ರೆಸ್ಟಿವೊ ಮತ್ತು ಆರ್ನೌಟ್ ವಾನ್ ಡಿ ರೈಟ್ ಎಂಬ ಸಮಾಜಶಾಸ್ತ್ರಜ್ಞರು ಅತಿ ಹೆಚ್ಚು ದುಡಿಯುವ ಸಂಪಾದಕರಲ್ಲಿ ಕೆಲವರನ್ನು ಚೀಟಿಯೆತ್ತಿದಂತೆ ಆರಿಸಿ ಈ ನಕ್ಷತ್ರ ಕೊಟ್ಟು ನೋಡಿದರು. ಪಡೆಯದವರಿಗಿಂತ ಪಡೆದವರ ಕೆಲಸ ಸುಮಾರು ಶೇ 60ರಷ್ಟು ಹೆಚ್ಚಾಗಿತ್ತು ಎಂದು 2012ರಲ್ಲಿ ವರದಿ ಮಾಡಿದರು. ನಕ್ಷತ್ರಕ್ಕೆ ಬೆಲೆಯೇನೂ ಇಲ್ಲ. ಆದರೆ ಅದು ಕೇಳದೆ ಬಂದದ್ದು, ಒಬ್ಬ ಮನುಷ್ಯ ನೋಡಿ ಕೊಟ್ಟದ್ದು.

ನಾಣ್ಯವನ್ನೇ ಬಳಸಿಯೂ ಇದನ್ನು ಸಾಧಿಸಬಹುದೇ? 2008ರಲ್ಲಿ ಜೋಯಲ್ ಸ್ಪೋಲ್ಸ್ಕಿ ಮತ್ತು ಜೆಫ್ ಅಟ್‌ವುಡ್ ಆರಂಭಿಸಿದ ಸ್ಟ್ಯಾಕ್ ಓವರ್‌ಫ್ಲೋ ಇದಕ್ಕೆ ಒಳ್ಳೆಯ ಉದಾಹರಣೆ. ಕಂಪ್ಯೂಟರ್ ತಂತ್ರಾಂಶ ಬರೆಯುವವರು ಒಬ್ಬರ ಪ್ರಶ್ನೆಗೆ ಒಬ್ಬರು ಉತ್ತರಿಸುವ ತಾಣ ಅದು. ಉತ್ತರವನ್ನು ಒಬ್ಬರು ಮೆಚ್ಚಿದರೆ 10 ಅಂಕ, ಪ್ರಶ್ನೆ ಕೇಳಿದವರೇ ಒಪ್ಪಿದರೆ 15. ಈ ಗಳಿಕೆ ಎಲ್ಲರಿಗೂ ಗೊತ್ತು. ನನ್ನನ್ನು ಸೆಳೆದದ್ದು ಅಲ್ಲಿನ ಖರ್ಚಿನ ನಿಯಮಗಳು. ಇನ್ನೊಬ್ಬರ ಉತ್ತರ ಸರಿಯಿಲ್ಲವೆಂದು ಮತ ಹಾಕಿದರೆ, ಹಾಕಿದವರೂ ತಮ್ಮದೊಂದು ಅಂಕ ಕಳೆದುಕೊಳ್ಳಬೇಕು. ಉತ್ತರ ಸಿಗದೆ ಬಿದ್ದಿರುವ ಪ್ರಶ್ನೆಗೆ ಯಾರು ಬೇಕಾದರೂ ತಮ್ಮ ಗಳಿಕೆಯಿಂದ 50ರಿಂದ 500 ಅಂಕಗಳವರೆಗೆ ಬಹುಮಾನ ಕಟ್ಟಬಹುದು. ಕಟ್ಟಿದ ಅಂಕ, ಉತ್ತರ ಬಾರದಿದ್ದರೂ ಹಿಂದಿರುಗುವುದಿಲ್ಲ. ಎಷ್ಟೋ ಸಲ ಪ್ರಶ್ನೆ ಇನ್ನೊಬ್ಬರದಾಗಿರುತ್ತದೆ. ಆಗಲೇ ಬಂದಿರುವ ಉತ್ತರವೊಂದು ಬಹಳ ಚೆನ್ನಾಗಿದೆ ಎಂಬ ಕಾರಣಕ್ಕೂ ಅಂಕ ಕೊಡಬಹುದು. ಗಳಿಸುವಾಗ ನನ್ನತ್ತ ಮುಖ ಮಾಡಿದ್ದ ಅದೇ ಅಂಕ, ಕೊಡುವಾಗ ಇನ್ನೊಬ್ಬರ ಕೆಲಸದತ್ತ ನನ್ನನ್ನು ತಿರುಗಿಸುತ್ತದೆ.

ಇಲ್ಲಿಗೆ ಬಂದಾಗ ನಮ್ಮ ಹಳ್ಳಿಗಳ ಮುಯ್ಯಿ ನೆನಪಾಗದೆ ಇರದು. ನಾಟಿಯ ಕಾಲದಲ್ಲಿ ನೀವು ನಮ್ಮ ಗದ್ದೆಗೆ ಆಳು ಕೊಟ್ಟರೆ ನಾವು ನಿಮ್ಮ ಗದ್ದೆಗೆ ಮುಯ್ಯಾಳಾಗಿ ಬರುತ್ತಿದ್ದೆವು. ಮದುವೆಮನೆಯ ಮೂಲೆಯಲ್ಲಿ ಒಬ್ಬರು ಪುಸ್ತಕ ಹಿಡಿದು ಕುಳಿತು, ಯಾರು ಎಷ್ಟು ಮುಯ್ಯಿ ಹಾಕಿದರೆಂದು ಬರೆದುಕೊಳ್ಳುತ್ತಿದ್ದರು, ಈಗಲೂ ಎಷ್ಟೋ ಕಡೆ ಬರೆದುಕೊಳ್ಳುತ್ತಾರೆ. ಮುಯ್ಯಿ ಹಾಕಿದವರ ಮನೆಯ ಮದುವೆ ಬಂದಾಗ ಆ ಪುಸ್ತಕ ತೆಗೆದು ನೋಡಿ, ಅಷ್ಟನ್ನೋ ಅದಕ್ಕಿಂತ ಸ್ವಲ್ಪ ಹೆಚ್ಚನ್ನೋ ಹಿಂದಿರುಗಿಸುವುದು ವಾಡಿಕೆ. ಪ್ರೀತಿ ಇದ್ದಲ್ಲಿ ಲೆಕ್ಕ ಇರಬಾರದು ಎಂಬ ನನ್ನ ನಂಬಿಕೆಯನ್ನು ಈ ಪುಸ್ತಕವೇ ಅಲ್ಲಗಳೆಯುತ್ತದೆ. ನಮ್ಮ ಹಿರಿಯರು ಬಂಧುತ್ವದ ನಡುವೆಯೇ ಕಟ್ಟುನಿಟ್ಟಾಗಿ ಲೆಕ್ಕ ಬರೆದರು. ಆದರೆ ಆ ಪುಸ್ತಕದಲ್ಲಿ ಯಾರು ಮೊದಲು, ಯಾರು ಕೊನೆ ಎಂಬ ಪಟ್ಟಿಯಿಲ್ಲ. ಒಂದೊಂದು ಸಾಲೂ ಒಂದು ಮನೆಯನ್ನು ಇನ್ನೊಂದು ಮನೆಗೆ ಕಟ್ಟುತ್ತದೆ. ಮುಯ್ಯಿ ಬಡವರಿಗೆ ಹೊರೆಯಾದದ್ದೂ ಇದೆ, ಸಾಲ ಮಾಡಿ ತೀರಿಸಿದವರೂ ಇದ್ದಾರೆ. ಆದ್ದರಿಂದ ಅದನ್ನು ಆದರ್ಶವೆಂದು ಎತ್ತಿ ಹಿಡಿಯಲಾರೆ. ಅದರಿಂದ ಕಲಿಯಬೇಕಾದ ಒಂದು ಸಂಗತಿಯಂತೂ ಇದೆ. ಲೆಕ್ಕದಿಂದಲೇ ಸೇವೆ ಕೆಡುವುದಿಲ್ಲ. ಲೆಕ್ಕ ಇಬ್ಬರ ನಡುವೆ ಹರಿಯುತ್ತದೆಯೋ ಒಬ್ಬರ ಬಳಿ ಗುಡ್ಡೆಯಾಗುತ್ತದೆಯೋ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಗುಡ್ಡೆಯಾಗುವ ಲೆಕ್ಕಕ್ಕೆ ಇನ್ನೊಂದು ದೋಷವಿದೆ: ಅದಕ್ಕೆ ‘ಸಾಕು’ ಎಂಬ ನಿಲುಗಡೆಯಿಲ್ಲ. ಪುಟಕ್ಕೆ ಕೊನೆಯ ಸಾಲು ಇದೆ, ಪುಸ್ತಕಕ್ಕೆ ಕೊನೆಯ ಪುಟ ಇದೆ. ಸಂಖ್ಯೆಗೆ ಕೊನೆಯೆಂಬುದಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ನೆಲದ ಮೇಲೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಂಡತಿ ಲಕ್ಕಮ್ಮ ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಕಳಿಸಿದ ಕಥೆ ಕನ್ನಡಿಗರಿಗೆಲ್ಲ ಗೊತ್ತು. ಅವಳು ಅಕ್ಕಿಯನ್ನು ಬೇಡವೆನ್ನಲಿಲ್ಲ. ದಾಸೋಹಕ್ಕೆ ಅಕ್ಕಿ ಬೇಕೇ ಬೇಕು, ಎಷ್ಟು ಬೇಕೆಂಬುದೂ ಅವಳಿಗೆ ಗೊತ್ತಿತ್ತು. ಕೆಲಸವೇ ತನ್ನ ಅಳತೆಯನ್ನು ಹೇಳುತ್ತಿತ್ತು. ನಮ್ಮ ಹೊನ್ನಿನ ಪಟ್ಟಿ ಆ ಅಳತೆಯನ್ನು ಮರೆಸಿತ್ತು. ಅಕ್ಷರ ಸರಿಯಾಯಿತೇ ಎಂದು ಕೇಳುವ ಜಾಗದಲ್ಲಿ ಎಷ್ಟಾಯಿತು ಎಂದು ಕೇಳುವ ಅಭ್ಯಾಸವನ್ನು ಅದು ಬೆಳೆಸುತ್ತಿತ್ತು.

ಚರ್ಚೆಯ ನಂತರ ಗುಂಪು ಹೊನ್ನನ್ನು ಉಳಿಸಿಕೊಂಡೇ ಅದರ ದಾರಿಯನ್ನು ಬದಲಿಸಿತು. ಈಗ ಯಾರೂ ಹೊನ್ನು ಗಳಿಸುವುದಿಲ್ಲ. ತಿಂಗಳ ಮೊದಲಿಗೆ ಎಲ್ಲರ ಕೈಗೂ ಸಮನಾಗಿ ಕೆಲವು ಬರುತ್ತವೆ. ಅವನ್ನು ಇನ್ನೊಬ್ಬರಿಗೆ ಕೊಡಬಹುದು, ಇಟ್ಟುಕೊಳ್ಳುವಂತಿಲ್ಲ. ತಿಂಗಳು ಮುಗಿದರೆ ಕೊಡದೆ ಉಳಿದದ್ದು ಅಳಿಯುತ್ತದೆ. ಕೊಡುವಾಗ ಏಕೆ ಕೊಟ್ಟೆ ಎಂದು ಒಂದು ಸಾಲು ಬರೆಯಬೇಕು. ಆ ಒಂದು ಸಾಲೇ ಎಲ್ಲವನ್ನೂ ಬದಲಿಸಿತು ಎಂದು ನನಗನ್ನಿಸುತ್ತದೆ, ಏಕೆಂದರೆ ಪುಟವನ್ನು ಓದದೆ ಆ ಸಾಲನ್ನು ಬರೆಯಲಾಗದು. ‘ಅಡಿಟಿಪ್ಪಣಿಯ ಅಂಕಿ ಒಂಬತ್ತನ್ನೂ ಅರ್ಕಾವತ್ತನ್ನೂ ಒಂದೂ ತಪ್ಪದೆ ಬೇರ್ಪಡಿಸಿದ್ದಕ್ಕೆ’ ಎಂದು ಮೇಷ್ಟ್ರಿಗೆ ಬಂದ ಹೊನ್ನಿನ ಜೊತೆ ಬರೆದಿತ್ತು. ಬರೆದವಳು ಆ ಹುಡುಗಿ. ಹಾಗೆ ಓದಿದವಳು ಆ ಪುಟವನ್ನು ಹಸಿರು ಮಾಡಿಯೇ ಎದ್ದಿದ್ದಳು. ಪುಟಗಳ ಸಂಖ್ಯೆ ಮೊದಲಿನ ವೇಗದಲ್ಲಿ ಏರುತ್ತಿಲ್ಲ. ಪಟ್ಟಿಗಾಗಿಯೇ ಬಂದಿದ್ದ ಕೆಲವರು ಹೋದರು. ಸ್ನೇಹಿತರಿಬ್ಬರು ತಮ್ಮತಮ್ಮಲ್ಲೇ ಹೊನ್ನು ಬದಲಾಯಿಸಿಕೊಂಡದ್ದೂ ಉಂಟು. ಯಾವ ನಿಯಮವೂ ಮನುಷ್ಯನನ್ನು ಪೂರ್ತಿ ತಿದ್ದಲಾರದು.

ಆದರೂ ಈ ಅನುಭವ ನನ್ನೊಳಗೆ ಒಂದು ನಂಬಿಕೆಯನ್ನು ನೆಲೆಗೊಳಿಸಿದೆ. ಸ್ವಯಂಸೇವಕರನ್ನು ಹುರಿದುಂಬಿಸುವುದು ಹೇಗೆ ಎಂದು ಯೋಚಿಸುವಾಗ ನಾವು ಸಾಮಾನ್ಯವಾಗಿ ಅವರಿಗೆ ಏನು ಸಿಗಬೇಕು ಎಂದೇ ಕೇಳುತ್ತೇವೆ. ಅವರ ಕೆಲಸವನ್ನು ಯಾರು ನೋಡುತ್ತಾರೆ ಎಂದು ಮೊದಲು ಕೇಳಬೇಕು. ಒಬ್ಬರ ಪುಟ ಇನ್ನೊಬ್ಬರ ಓದಿಲ್ಲದೆ ಪೂರ್ಣವಾಗದು ಎಂಬ ನಿಯಮ ನಾವು ಹೊನ್ನು ಹುಟ್ಟಿಸುವ ಮೊದಲೇ ನಮ್ಮ ಕೆಲಸದಲ್ಲಿತ್ತು. ಆ ಓದನ್ನು ಕಲಿಸುವ ನಾಣ್ಯ ಒಳ್ಳೆಯದು, ಅದನ್ನು ತಪ್ಪಿಸುವ ನಾಣ್ಯ ಎಷ್ಟೇ ಜನರನ್ನು ಕೂಡಿಸಿದರೂ ಕೆಟ್ಟದ್ದು. ಇದು ತೆರೆಯ ಮೇಲಿನ ಗುಂಪುಗಳಿಗೆ ಮಾತ್ರ ಸಂಬಂಧಿಸಿದ ಮಾತಲ್ಲ. ಮನೆಯಲ್ಲಿ, ಕಚೇರಿಯಲ್ಲಿ, ಊರಿನ ಕೆಲಸದಲ್ಲಿ ನಾವು ಪರಸ್ಪರ ಕೊಡಬಹುದಾದ ದೊಡ್ಡ ಸಂಭಾವನೆಯೆಂದರೆ ಇನ್ನೊಬ್ಬರು ಮಾಡಿದ್ದನ್ನು ಸಾವಧಾನವಾಗಿ ನೋಡುವುದು, ನೋಡಿ ಏನು ಕಂಡೆ ಎಂದು ಹೇಳುವುದು. ಅದಕ್ಕೆ ಬೇಕಾದ ಹೊತ್ತು ಪ್ರತಿಯೊಬ್ಬರ ಕೈಯಲ್ಲೂ ಇದೆ. ಕೊಡದೆ ಉಳಿಸಿಕೊಂಡರೆ ಅದು ನಮಗೂ ಉಳಿಯುವುದಿಲ್ಲ.