ಬಂದವರನ್ನು ಗುರುತಿಸುವ ಕಣ್ಣು



ಆಗಮನ ಕಾಲದಲ್ಲಿ ನಮ್ಮ ದೇವಾಲಯಗಳಲ್ಲಿ ವಾಚಿಸಲಾಗುವ ಶುಭಸಂದೇಶದ ಭಾಗಗಳಲ್ಲಿ ನನ್ನನ್ನು ಬಹುವಾಗಿ ಕಾಡುವುದು, ಸ್ನಾನಿಕ ಯೊವಾನ್ನರು ಸೆರೆಮನೆಯಿಂದ ಕಳುಹಿಸಿದ ಪ್ರಶ್ನೆ. ಜೋರ್ಡನ್ ನದಿಯ ದಡದಲ್ಲಿ ಯೇಸುವನ್ನು ಜನರಿಗೆ ತೋರಿಸಿಕೊಟ್ಟವರೇ ಅವರು. ಅಂಥವರು ಕತ್ತಲೆಯ ಕೋಣೆಯಲ್ಲಿ ಕುಳಿತು, ಬರಬೇಕಾಗಿದ್ದವರು ಇವರೇ ಹೌದೋ, ಇಲ್ಲವೇ ಮತ್ತೊಬ್ಬರಿಗಾಗಿ ಕಾಯಬೇಕೋ ಎಂದು ಶಿಷ್ಯರ ಮೂಲಕ ವಿಚಾರಿಸುತ್ತಾರೆ. ಮರದ ಬುಡಕ್ಕೆ ಕೊಡಲಿಯಿಡುವ, ಹೊಟ್ಟನ್ನು ಬೆಂಕಿಗೆ ಹಾಕುವ ಉದ್ಧಾರಕನನ್ನು ಅವರು ಸಾರಿದ್ದರು. ಬಂದವರಾದರೋ ಸುಂಕದವರ ಮನೆಯಲ್ಲಿ ಊಟಕ್ಕೆ ಕುಳಿತಿದ್ದರು.

ಯೇಸುಸ್ವಾಮಿ ಆ ಪ್ರಶ್ನೆಗೆ ನೇರವಾಗಿ ಹೌದೆನ್ನಲಿಲ್ಲ. ಕುರುಡರು ನೋಡುತ್ತಿರುವುದನ್ನು, ಕುಂಟರು ನಡೆಯುತ್ತಿರುವುದನ್ನು, ಬಡವರ ಕಿವಿಗೆ ಶುಭಸಂದೇಶ ಬೀಳುತ್ತಿರುವುದನ್ನು ಹೋಗಿ ತಿಳಿಸುವಂತೆ ಹೇಳಿ ಕಳುಹಿಸಿದರು. ಪ್ರವಾದಿ ಯೆಶಾಯ ಮುಂಚೆಯೇ ನುಡಿದಿದ್ದ ಗುರುತುಗಳಿವು. ಅಂದರೆ ಅಭಿಷಿಕ್ತರನ್ನು ಗುರುತಿಸಬೇಕಾದದ್ದು ಅವರ ಕಾರ್ಯಗಳಿಂದ. ನಮ್ಮ ನಿರೀಕ್ಷೆಯ ಅಳತೆಗೋಲಿನಿಂದಲ್ಲ.

ಹಾಗಾದರೆ ಗುರುತಿಸುವಲ್ಲಿ ಸೋತವರು ಯಾರು? ಸಂತ ಮತ್ತಾಯರ ಶುಭಸಂದೇಶದ ಎರಡನೆಯ ಅಧ್ಯಾಯವನ್ನು ನೆನಪಿಸಿಕೊಳ್ಳಿ. ಮೆಸ್ಸೀಯ ಹುಟ್ಟಬೇಕಾದ ಸ್ಥಳ ಯಾವುದೆಂದು ಹೆರೋದ ಕೇಳಿದಾಗ, ಯಾಜಕರೂ ಶಾಸ್ತ್ರಜ್ಞರೂ ಪ್ರವಾದಿ ಮೀಕನ ಆಧಾರದಿಂದ ಬೆತ್ಲೆಹೇಮ್ ಎಂದು ತಪ್ಪಿಲ್ಲದೆ ಉತ್ತರಿಸಿದರು. ಆದರೆ ಅವರಲ್ಲಿ ಒಬ್ಬರಾದರೂ ಅಲ್ಲಿಗೆ ಹೊರಟರೆಂದು ಬರೆದಿಲ್ಲ. ಹೊರಟವರು ಒಂದು ನಕ್ಷತ್ರವನ್ನು ನಂಬಿ ಬಂದ ಪರದೇಶದ ಜ್ಞಾನಿಗಳು. ಜೆರುಸಲೇಮಿನಿಂದ ಬೆತ್ಲೆಹೇಮಿಗೆ ಇರುವ ದೂರ ಸುಮಾರು ಒಂಬತ್ತು ಕಿಲೋಮೀಟರ್. ಚನ್ನರಾಯಪಟ್ಟಣ ತಾಲ್ಲೂಕಿನ ಜನರಿಗೆ ತಿಳಿಯುವಂತೆ ಹೇಳಬೇಕೆಂದರೆ, ಬಾಗೂರಿನಿಂದ ನವಿಲೆಗೆ ನೆಲದಡಿಯಲ್ಲಿ ಕೊರೆದ ಸುರಂಗದಷ್ಟು ಉದ್ದ. ಅಷ್ಟು ದೂರವನ್ನು ಅವರ ಕಾಲುಗಳು ನಡೆಯಲಿಲ್ಲ. ತಿಳಿದಿದ್ದೇವೆಂಬ ತೃಪ್ತಿಯೇ ಅವರನ್ನು ಕಟ್ಟಿಹಾಕಿತು.

ಆ ಸುರಂಗವೂ ನಮಗೊಂದು ಪಾಠ ಹೇಳುತ್ತದೆ. ಗೊರೂರಿನ ಜಲಾಶಯದಿಂದ ನಾಲೆಯಲ್ಲಿ ಬಂದ ಹೇಮಾವತಿಯ ನೀರು ಬಾಗೂರಿನ ಬಳಿ ನೆಲದೊಳಗೆ ಇಳಿದು, ನವಿಲೆಯಲ್ಲಿ ಮೇಲೆದ್ದು ತುಮಕೂರು ಜಿಲ್ಲೆಯತ್ತ ಸಾಗುತ್ತದೆ. ಆ ನೀರಿಗೊಂದು ಬೆಲೆಯಿತ್ತು. ಜಲಾಶಯ ತುಂಬಿದಾಗ ನದಿಯ ದಡದ ಹಲವು ಊರುಗಳು ಮುಳುಗಿದವು. ಅವುಗಳಲ್ಲಿ ಶೆಟ್ಟಿಹಳ್ಳಿಯೂ ಒಂದು. ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿದ ಅಲ್ಲಿನ ಜಪಮಾಲೆ ಮಾತೆಯ ದೇವಾಲಯ ಮಳೆಗಾಲದಲ್ಲಿ ನೀರಿನಲ್ಲಿ ಅರ್ಧ ಮುಳುಗಿ ನಿಲ್ಲುವುದನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ, ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಆ ಗೋಡೆಗಳ ನಡುವೆ ಜ್ಞಾನಸ್ನಾನ ಪಡೆದು, ಮದುವೆಯಾಗಿ, ಕೊನೆಗೆ ಮನೆಮಾರು ತೊರೆದು ಹೋದ ಕುಟುಂಬಗಳ ಮುಖ ಯಾರ ಚಿತ್ರದಲ್ಲಿಯೂ ಮೂಡುವುದಿಲ್ಲ. ಒಬ್ಬರ ನಷ್ಟದಿಂದ ಮತ್ತೊಬ್ಬರ ಹೊಲ ಹಸಿರಾಗುತ್ತದೆ. ಹಸಿರು ನಮ್ಮ ಕಣ್ಣಿಗೆ ಬೀಳುತ್ತದೆ, ನಷ್ಟ ಬೀಳುವುದಿಲ್ಲ.

ಯೆಶಾಯನು ಚಿತ್ರಿಸಿದ ಯಾತನಾಮಯ ದಾಸನನ್ನು ಜನರು ಗುರುತಿಸದೆ ಹೋದದ್ದೂ ಇದೇ ಕಾರಣಕ್ಕಲ್ಲವೇ? ಸಂತ ಪೇತ್ರರು ಫಿಲಿಪ್ಪನ ಸೆಜರೇಯದಲ್ಲಿ ಯೇಸುವನ್ನು ಕ್ರಿಸ್ತರೆಂದು ಧೈರ್ಯವಾಗಿ ಸಾರಿದರು. ಮರುಗಳಿಗೆಯಲ್ಲಿ ಶಿಲುಬೆಯ ಮಾತು ಬಂದಾಗ ಅದನ್ನು ತಡೆಯಲು ಹೋಗಿ ಗದರಿಕೆಗೆ ಗುರಿಯಾದರು. ಬಾಯಿ ಗುರುತಿಸಿದ್ದನ್ನು ಹೃದಯ ಇನ್ನೂ ಗುರುತಿಸಿರಲಿಲ್ಲ. ಹಾಗೆಂದು ಬಾಯಿಯ ನಿವೇದನೆ ವ್ಯರ್ಥವೆಂದಲ್ಲ. ನಜರೇತಿನ ಯೇಸುವೇ ವಾಗ್ದತ್ತ ಮೆಸ್ಸೀಯ ಎಂಬುದು ನಮ್ಮ ವಿಶ್ವಾಸದ ಅಡಿಪಾಯ. ಅಡಿಪಾಯ ಹಾಕಿದವರು ಮನೆ ಕಟ್ಟದೆ ಅಲ್ಲಿಗೇ ನಿಲ್ಲಬಾರದು.

ಇದನ್ನು ಪರರಿಗೆ ಬೋಧಿಸಲು ನನಗಿರುವ ಅರ್ಹತೆ ಅಲ್ಪ. ಕೆಲವು ವರ್ಷಗಳ ಹಿಂದೆ ಕ್ರಿಸ್ಮಸ್ ಹತ್ತಿರವಾಗಿದ್ದಾಗ, ಬಾಗೂರಿನ ಕಡೆಯ ಒಂದು ಹಳ್ಳಿಯಿಂದ ಒಬ್ಬ ವೃದ್ಧೆ, ಗುರುಗಳು ಒಮ್ಮೆ ಬಂದು ಹೋಗಲಿ ಎಂದು ಹೇಳಿ ಕಳುಹಿಸಿದ್ದರು. ಗೋದಲಿಯ ಸಿದ್ಧತೆ, ಪಾಪನಿವೇದನೆಗೆ ಬರುವವರ ಸಾಲು, ಬರೆಯಬೇಕಾಗಿದ್ದ ಪ್ರಬೋಧನೆ. ಏನೋ ಸಹಾಯ ಬೇಕಿರಬಹುದು, ಹಬ್ಬ ಮುಗಿಯಲಿ ಎಂದುಕೊಂಡೆ. ನಾನು ಬರೆಯುತ್ತಿದ್ದ ಪ್ರಬೋಧನೆಯ ವಿಷಯ, ಬಾಗಿಲಲ್ಲಿ ನಿಂತ ಕ್ರಿಸ್ತರನ್ನು ಬರಮಾಡಿಕೊಳ್ಳುವುದು!

ಹಬ್ಬದ ಮೂರನೆಯ ದಿನ ಹೋದೆ. "ಬಂದ್ರಾ ಸ್ವಾಮಿ, ಹಬ್ಬ ಕಳೀತಲ್ಲ" ಎಂದು ನಕ್ಕರು. ಮೂಲೆಯಲ್ಲಿದ್ದ ಚೀಲವೊಂದನ್ನು ಮುಂದಕ್ಕೆ ಎಳೆದರು. ತಮ್ಮ ನಾಲ್ಕು ಮರಗಳ ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲಿಟ್ಟು ಮಾಡಿದ ಉಂಡೆಕೊಬ್ಬರಿ ಅದರಲ್ಲಿತ್ತು. ಗೋದಲಿ ನೋಡಲು ಬರುವ ಮಕ್ಕಳಿಗೆ ಬೆಲ್ಲದೊಡನೆ ಹಂಚಬೇಕೆಂಬುದು ಅವರ ಆಸೆ. ಹೊತ್ತು ತರಲು ಅವರ ಕಾಲಿನಲ್ಲಿ ಶಕ್ತಿಯಿರಲಿಲ್ಲ. ಬೇಡುವವರೆಂದು ನಾನು ಎಣಿಸಿದವರು ಕೊಡಲು ಕಾಯುತ್ತಿದ್ದರು. ಬೆತ್ಲೆಹೇಮ್ ಎಲ್ಲಿದೆಯೆಂದು ತಿಳಿದೂ ಹೋಗದ ಶಾಸ್ತ್ರಜ್ಞರ ಸಾಲಿನಲ್ಲಿ ಅಂದು ನಾನೂ ನಿಂತಿದ್ದೆ.

ನಮ್ಮ ಭಾಗದ ರೈತರಿಗೆ ಒಂದು ವಿದ್ಯೆ ಗೊತ್ತು. ಅಟ್ಟದ ಮೇಲಿನ ಕಾಯಿ ಹೊರನೋಟಕ್ಕೆ ಎಲ್ಲವೂ ಒಂದೇ. ಕಿವಿಯ ಬಳಿ ಹಿಡಿದು ಅಲ್ಲಾಡಿಸಿದಾಗ, ಒಳಗಿನ ಕೊಬ್ಬರಿ ಚಿಪ್ಪಿನಿಂದ ಬಿಡಿಸಿಕೊಂಡಿದ್ದರೆ ಲೊಡಲೊಡ ಸದ್ದು ಬರುತ್ತದೆ. ಅದು ಕೇಳಿಸಬೇಕಾದರೆ ಒಂದೊಂದನ್ನೂ ಕೈಗೆತ್ತಿಕೊಳ್ಳಬೇಕು. ಮನುಷ್ಯರ ವಿಷಯದಲ್ಲಿಯೂ ಹಾಗೆಯೇ. ಮಾತು ಕಡಿಮೆ ಮಾಡಿದ ಮಗಳು, ಹಾಸಿಗೆ ಹಿಡಿದ ಅತ್ತೆ, ವರ್ಷಗಳಿಂದ ಪೂಜೆಗೆ ಬಾರದ ನೆರೆಯವರು, ಇವರ ಬಳಿ ಕುಳಿತು ಕಿವಿಗೊಡದೆ ಅವರೊಳಗಿರುವ ಪ್ರಭುವಿನ ದನಿ ನಮಗೆ ಕೇಳಿಸದು.

ಇನ್ನೊಂದು ಮಾತು. ಯೊವಾನ್ನರ ಪ್ರಶ್ನೆಯನ್ನು ಇಂದು ನಮ್ಮ ಊರಿನ ಜನರು ನಮ್ಮ ಕಡೆಗೂ ತಿರುಗಿಸುತ್ತಾರೆ. ಕ್ರಿಸ್ತರ ಹೆಸರು ಹೊತ್ತ ಈ ಕುಟುಂಬದಿಂದ ನಾವೇನಾದರೂ ನಿರೀಕ್ಷಿಸಬಹುದೇ, ಇಲ್ಲವೇ ಬೇರೆಯವರ ಬಾಗಿಲಿಗೆ ಹೋಗಬೇಕೇ ಎಂದು ಮೌನವಾಗಿ ಕೇಳುತ್ತಾರೆ. ಅವರು ಹೋಗಿ ಹೇಳಬಹುದಾದಂಥದ್ದು ನಮ್ಮ ಮನೆಯಲ್ಲಿ ಏನಿದೆ? ಈ ಆಗಮನ ಕಾಲದಲ್ಲಿ, ಯಾರಾದರೂ ನಿಮಗೆ ಹೇಳಿ ಕಳುಹಿಸಿದ್ದರೆ, ಹಬ್ಬಕ್ಕೆ ಮುಂಚೆಯೇ ಹೋಗಿ ಬನ್ನಿ.