ಅನುಭವಿಗೆ ಆಚಾರ್ಯಪದವಿ

ಡಾಕ್ಟರ್ ಎಂಬ ಮಾತಿಗೆ ಲ್ಯಾಟಿನ್ನಿನಲ್ಲಿ ಮೊದಲಿದ್ದ ಅರ್ಥ ಕಲಿಸತಕ್ಕವನು ಎಂದು. ರೋಗವನ್ನು ವಾಸಿಮಾಡುವವನೆಂಬ ಅರ್ಥ ಅದಕ್ಕೆ ಬಂದುದು ಆಮೇಲೆ. ಯೂರೋಪಿನ ಹಳೆಯ ವಿದ್ಯಾಪೀಠಗಳಲ್ಲಿ ಈ ಪದವಿಯನ್ನು ಪಡೆದವನೆಂದರೆ ಇತರರಿಗೆ ಪಾಠ ಹೇಳುವ ಅಧಿಕಾರವನ್ನು ಪಡೆದವನು. ಕಾಲಕ್ರಮದಲ್ಲಿ ಕಲಿಸುವ ಮಾತು ಹಿಂದಕ್ಕೆ ಸರಿದು, ಹೊಸದೊಂದನ್ನು ಕಂಡುಹಿಡಿದವನೆಂಬ ಅರ್ಥ ಮುಂದಕ್ಕೆ ಬಂದಿತು. ಈಗ ಇದೇ ಪದವಿಗೆ ಮತ್ತೊಂದು ದಾರಿ ಏರ್ಪಟ್ಟಿದೆ. ವ್ಯಾಪಾರ ಕೈಗಾರಿಕೆಗಳ ಆಡಳಿತದಲ್ಲಿ ಹತ್ತು ಇಪ್ಪತ್ತು ವರ್ಷ ಕೈ ಪಳಗಿದವರು, ತಮ್ಮ ಕೆಲಸವನ್ನು ಬಿಡದೆ, ಆ ಕೆಲಸದಲ್ಲಿಯೇ ಹುಟ್ಟಿದ ಪ್ರಶ್ನೆಯೊಂದನ್ನು ಹಿಡಿದು ಶೋಧಿಸಿ, ಮಹಾಪ್ರಬಂಧವನ್ನು ಬರೆದು, ಪರೀಕ್ಷಕರ ಎದುರಿನಲ್ಲಿ ಸಮರ್ಥಿಸಿದರೆ ಅವರಿಗೂ ಡಾಕ್ಟರ್ ಪದವಿ ಸಲ್ಲುತ್ತದೆ. ಇಂಗ್ಲೆಂಡ್, ಅಮೆರಿಕಗಳಲ್ಲಿ ಇದಕ್ಕೆ ಡಿ.ಬಿ.ಎ. ಎಂದು ಹೆಸರು. ಪಿಎಚ್.ಡಿ. ಹಿಡಿಯುವ ಪ್ರಶ್ನೆ ಸಾಮಾನ್ಯವಾಗಿ ಗ್ರಂಥಗಳಿಂದ ಹುಟ್ಟಿದ್ದು. ಇದು ಹಿಡಿಯುವ ಪ್ರಶ್ನೆ ಕಛೇರಿಯಿಂದ ಹುಟ್ಟಿದ್ದು. ಈ ಪದವಿಗೆ ಏನೇನು ಬೇಕೆಂಬುದನ್ನು ಆಯಾ ವಿದ್ಯಾಪೀಠಗಳು ಪಟ್ಟಿಮಾಡಿ ಕೊಟ್ಟಾವು. ಸ್ನಾತಕೋತ್ತರ ಪದವಿ, ಮೇಲ್ವಿಚಾರಣೆಯ ಇಷ್ಟು ವರ್ಷಗಳ ಅನುಭವ, ಶೋಧನಕ್ರಮದಲ್ಲಿ ಶಿಕ್ಷಣ, ಮಹಾಪ್ರಬಂಧ, ಮೌಖಿಕ ಪರೀಕ್ಷೆ: ಪಟ್ಟಿ ಇಷ್ಟೇ. ಆದರೆ ಇವೆಲ್ಲವನ್ನೂ ಒದಗಿಸಿದವನು ನಿಜವಾಗಿ ಆ ಹೆಸರಿಗೆ ಅರ್ಹನಾದನೆ ಎಂಬ ಪ್ರಶ್ನೆ ಪಟ್ಟಿಯಲ್ಲಿಲ್ಲ.

ಬೆಂಗಳೂರಿನ ದಂಡು ಪ್ರದೇಶದಲ್ಲಿಯೂ ಅದರ ಪೂರ್ವಕ್ಕೆ ಬೆಳೆದಿರುವ ಬಡಾವಣೆಗಳಲ್ಲಿಯೂ ಈ ಪ್ರಶ್ನೆಗೆ ಜೀವವುಂಟು. ಶಿವಾಜಿನಗರದ ಅಂಗಡಿಬೀದಿಗಳಲ್ಲಿ ಲೆಕ್ಕವನ್ನು ಬೆರಳ ತುದಿಯಲ್ಲಿಯೇ ಇಟ್ಟುಕೊಂಡ ವರ್ತಕರಿದ್ದಾರೆ. ಇಂದಿರಾನಗರದಲ್ಲಿ ಕಂಪನಿಗಳ ಹಿರಿಯ ಅಧಿಕಾರಿಗಳಿದ್ದಾರೆ. ಕೃಷ್ಣರಾಜಪುರದ ಕಡೆ ಕಾರ್ಖಾನೆಗಳೂ ಇವೆ, ವ್ಯವಹಾರಶಾಸ್ತ್ರವನ್ನು ಬೋಧಿಸುವ ಕಾಲೇಜುಗಳೂ ಇವೆ. ಬಲ್ಲವರೂ ಹೇಳಿಕೊಡುವವರೂ ಇಷ್ಟು ಹತ್ತಿರದಲ್ಲಿ ವಾಸವಾಗಿದ್ದು, ಒಬ್ಬರ ಬಾಗಿಲನ್ನು ಮತ್ತೊಬ್ಬರು ತಟ್ಟುವುದು ಅಪರೂಪ.

ವ್ಯವಹಾರದಲ್ಲಿ ಗೆದ್ದವನಿಗೆ ಪದವಿಯೇಕೆ, ಗೆಲವೇ ಅವನ ಪದವಿಯಲ್ಲವೆ, ಎಂದು ಕೇಳುವವರುಂಟು. ಈ ಮಾತಿಗೆ ಆಧಾರ ಬೇಕಾದರೆ ಹಲಸೂರು ಕೆರೆಯ ಸಮೀಪಕ್ಕೆ ಹೋದರೆ ಸಾಕು. ದಂಡಿನಲ್ಲಿ ವ್ಯಾಪಾರದಿಂದ ಏಳಿಗೆಗೆ ಬಂದ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು 1873ರಲ್ಲಿ ಬಡಮಕ್ಕಳಿಗಾಗಿ ಪಾಠಶಾಲೆಯೊಂದನ್ನು ತೆರೆದರು. ಅದರಿಂದ ಬೆಳೆದ ವಿದ್ಯಾಸಂಸ್ಥೆಗಳು ಇಂದಿಗೂ ಅವರ ಹೆಸರಿನ ಮೊದಲಕ್ಷರಗಳಿಂದಲೇ ಆರ್.ಬಿ.ಎ.ಎನ್.ಎಂ. ಎಂದು ಪ್ರಸಿದ್ಧವಾಗಿವೆ. ಆ ಅಕ್ಷರಗಳಲ್ಲಿ ಮೊದಲಿನ ಎರಡು ಸರಕಾರ ಅವರಿಗೆ ಕೊಟ್ಟ ರಾಯ್ ಬಹದ್ದೂರ್ ಎಂಬ ಬಿರುದಿನವು. ಬಿರುದು ಶಾಲೆಯ ಹೆಸರಿನಲ್ಲಿ ಕರಗಿಹೋಗಿದೆ. ಒಳಗೆ ಓದುವ ಮಕ್ಕಳಲ್ಲಿ ಎಷ್ಟು ಮಂದಿ ಅದನ್ನು ಬಿಡಿಸಿ ಹೇಳಬಲ್ಲರೋ! ಆದರೆ ಬಿರುದು ಬೇರೆ, ಪದವಿ ಬೇರೆ. ಬಿರುದು ಮಾಡಿದ ಕೆಲಸಕ್ಕೆ ಸಂದ ಮನ್ನಣೆ. ಅದನ್ನು ಪಡೆದವರು ತಮ್ಮ ಕೆಲಸದ ಮರ್ಮವನ್ನು ಬಿಡಿಸಿ ಹೇಳಬೇಕೆಂಬ ನಿರ್ಬಂಧವಿಲ್ಲ. ಪದವಿಯಾದರೋ, ನೀನು ಬಲ್ಲೆ ಎಂಬುದು ಸರಿ, ಅದನ್ನು ನಮಗೂ ತಿಳಿಯುವಂತೆ ಹೇಳು, ನಾವು ಪರೀಕ್ಷಿಸಿ ನೋಡುತ್ತೇವೆ, ಎನ್ನುತ್ತದೆ. ಗೆದ್ದ ವರ್ತಕನಿಗೆ ತಾನು ಗೆದ್ದುದು ಏಕೆಂದು ತಿಳಿದಿರಲೇಬೇಕೆಂದೇನೂ ಇಲ್ಲ. ಅದೇ ಉಪಾಯವನ್ನು ಮಾಡಿ ಸೋತ ಹತ್ತು ಮಂದಿ ಪಕ್ಕದ ಬೀದಿಯಲ್ಲಿ ಇದ್ದಿರಬಹುದು; ಸೋತವರ ಉಪನ್ಯಾಸವನ್ನು ಏರ್ಪಡಿಸುವವರು ಯಾರೂ ಇಲ್ಲವಾದ್ದರಿಂದ ಅವರ ಸಂಗತಿ ಹೊರಬೀಳುವುದಿಲ್ಲ.

ಹೆಸರಿನ ವಿಷಯದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಭಾರತೀಯ ಪ್ರಬಂಧನ ಸಂಸ್ಥೆ ಬಹುಕಾಲ ತನ್ನ ಶೋಧಕರಿಗೆ ಡಾಕ್ಟರ್ ಪದವಿಯನ್ನು ಕೊಡುವಂತಿರಲಿಲ್ಲ. 2017ರ ಶಾಸನ ಬರುವವರೆಗೆ ಅಲ್ಲಿ ಶೋಧ ಮುಗಿಸಿದವರು ಫೆಲೋ ಎನಿಸಿಕೊಂಡರು, ಅನಂತರದವರು ಪಿಎಚ್.ಡಿ. ಎನಿಸಿಕೊಂಡರು. ಹಾರ್ವರ್ಡಿನ ವ್ಯವಹಾರಶಾಲೆಯಲ್ಲಿಯೂ ದೀರ್ಘಕಾಲ ನಡೆದುಬಂದ ಡಿ.ಬಿ.ಎ. ಎಂಬ ಹೆಸರು 2018ರಲ್ಲಿ ಪಿಎಚ್.ಡಿ. ಎಂದು ಬದಲಾಯಿತು. ಹೆಸರು ಹೀಗೆ ಹೋಗಿಬರತಕ್ಕದ್ದು. ಹಣವನ್ನು ಕಟ್ಟಿಸಿಕೊಂಡು ಪರದೇಶದ ವಿದ್ಯಾಪೀಠದ ಹೆಸರಿನಲ್ಲಿ ಪದವಿಯನ್ನು ಮನೆಬಾಗಿಲಿಗೆ ತಲಪಿಸುವೆವೆಂಬ ಕಂಪನಿಗಳ ಮಾತು ಇಲ್ಲಿ ವಿಚಾರಕ್ಕೆ ಅರ್ಹವಲ್ಲ, ಅಂಥ ಪಿಎಚ್.ಡಿ.ಗಳಿಗೆ ಮಾನ್ಯತೆಯಿಲ್ಲವೆಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗವೂ ತಾಂತ್ರಿಕ ಶಿಕ್ಷಣ ಮಂಡಲಿಯೂ 2022ರ ಅಕ್ಟೋಬರಿನಲ್ಲಿ ಜೊತೆಯಾಗಿಯೇ ಎಚ್ಚರಿಸಿವೆ.

ಬಲ್ಲವನು ಯಾರು, ಅವನನ್ನು ಪರೀಕ್ಷಿಸುವುದು ಹೇಗೆ, ಎಂಬ ಜಿಜ್ಞಾಸೆ ಭಾರತೀಯರಿಗೆ ಹೊಸತಲ್ಲ. ಕಾಳಿದಾಸನ ಮಾಳವಿಕಾಗ್ನಿಮಿತ್ರದಲ್ಲಿ ಗಣದಾಸ ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರು ತಮ್ಮಲ್ಲಿ ಯಾರು ಮೇಲೆಂದು ಜಗಳವಾಡಿಕೊಂಡು ರಾಜನ ಬಳಿಗೆ ಬರುತ್ತಾರೆ. ತೀರ್ಪಿನ ಭಾರ ಪರಿವ್ರಾಜಿಕೆಯ ಮೇಲೆ ಬೀಳುತ್ತದೆ. ನಾಟ್ಯ ಪ್ರಯೋಗದ ವಿದ್ಯೆಯಾದುದರಿಂದ ಬಾಯಿಮಾತಿನ ವಾದ ಬೇಡವೆಂಬುದು ಅವಳ ಅಭಿಪ್ರಾಯ. ಆದರೂ ಆಚಾರ್ಯರು ತಾವೇ ಕುಣಿದು ತೋರಿಸಲೆಂದು ಅವಳು ಹೇಳುವುದಿಲ್ಲ. ಅವರ ಶಿಷ್ಯೆಯರು ಕುಣಿಯಲಿ ಎನ್ನುತ್ತಾಳೆ. ಸ್ವಂತ ಕೌಶಲ ಒಂದು, ಅದನ್ನು ಇನ್ನೊಬ್ಬರಿಗೆ ದಾಟಿಸುವ ಶಕ್ತಿ ಮತ್ತೊಂದು. ಆಚಾರ್ಯನೆನಿಸಬೇಕಾದರೆ ಎರಡೂ ಬೇಕು ಎಂಬ ವಿವೇಕ ಆ ಏರ್ಪಾಟಿನಲ್ಲಿದೆ. ಡಾಕ್ಟರ್ ಎಂಬ ಮಾತಿನ ಮೊದಲ ಅರ್ಥವೂ ಇದೇ. (ಆ ಪರೀಕ್ಷೆಯೆಲ್ಲವೂ ರಾಜನಿಗೆ ಮಾಳವಿಕೆಯ ದರ್ಶನವನ್ನು ಮಾಡಿಸಲು ವಿದೂಷಕ ಹೂಡಿದ ಹೂಟವೆಂಬುದನ್ನೂ ಮರೆಯಬಾರದು. ಬೇರೆ ಉದ್ದೇಶಕ್ಕಾಗಿ ನಡೆಯುವ ಪರೀಕ್ಷೆಗಳು ಆ ಕಾಲಕ್ಕೇ ಮುಗಿಯಲಿಲ್ಲ.)

ವ್ಯವಹಾರದ ಅನುಭವಿ ದಾಟಿಸಬೇಕಾದುದು ಯಾವುದು? ಇದಕ್ಕೆ ಕೃಷ್ಣರಾಜಪುರದ ಹತ್ತಿರದ ದೂರವಾಣಿನಗರವೇ ಉತ್ತರ ಹೇಳುತ್ತದೆ. ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ 1948ರಲ್ಲಿ ಅಲ್ಲಿ ಆರಂಭವಾಯಿತು. ದೇಶಕ್ಕೆ ಬೇಕಾದ ಟೆಲಿಫೋನುಗಳನ್ನೂ ಎಕ್ಸ್‌ಚೇಂಜುಗಳನ್ನೂ ಒದಗಿಸುವ ಹೊಣೆ ದೀರ್ಘಕಾಲ ಅದರದೇ ಆಗಿತ್ತು. 1960ರ ದಶಕದಲ್ಲಿ ಬೆಲ್ಜಿಯಮ್ಮಿನಿಂದ ಕ್ರಾಸ್‌ಬಾರ್ ಎಂಬ ಹೊಸ ಮಾದರಿಯ ಎಕ್ಸ್‌ಚೇಂಜಿನ ವಿದ್ಯೆಯನ್ನು ತಂದರು. ಯೂರೋಪಿನಲ್ಲಿ ಒಂದೊಂದು ತಂತಿಯ ಮೇಲೆ ಬೀಳುತ್ತಿದ್ದ ಕರೆಗಳ ಹೊರೆಗೆ ತಕ್ಕಂತೆ ರಚಿತವಾದ ಆ ಯಂತ್ರ ಇಲ್ಲಿನ ಹೊರೆಯನ್ನು ತಾಳಲಾರದೆ ಬಹಳ ತೊಂದರೆಪಟ್ಟಿತು. ಇಲ್ಲಿ ಟೆಲಿಫೋನುಗಳು ಕಡಮೆ. ಒಂದೊಂದನ್ನೂ ಬಳಸುವವರು ಹೆಚ್ಚು. ಮುಂದೆ 1984ರಿಂದ ಟೆಲಿಫೋನ್ ತಯಾರಿಕೆಗೆ ಖಾಸಗಿಯವರೂ ಬಂದರು. 1991ರ ಅನಂತರ ಸ್ಪರ್ಧೆ ಇನ್ನೂ ತೀವ್ರವಾಯಿತು. ಸಾವಿರಾರು ಕೈಗಳಿಗೆ ಕೆಲಸ ಕೊಟ್ಟಿದ್ದ ಕಾರ್ಖಾನೆ ಕುಗ್ಗಿತು. ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್. ಕಾರ್ಖಾನೆಯಂತೂ 2002ರಲ್ಲಿ ಮುಚ್ಚಿಯೇಹೋಯಿತು.

ಟೆಲಿಫೋನ್ ಕಾರ್ಖಾನೆಯ ಈ ಕಥೆಯನ್ನು ವಿಸ್ತಾರವಾಗಿ ಶೋಧಿಸಿ 2010ರಲ್ಲಿ ಗ್ರಂಥವಾಗಿ ಪ್ರಕಟಿಸಿದವರು ದಿಲೀಪ್ ಸುಬ್ರಮಣಿಯನ್ ಎಂಬ ಇತಿಹಾಸಕಾರರು. ಆ ಕೃತಿಗೆ ಸಲ್ಲಬೇಕಾದ ಗೌರವ ಸಲ್ಲಲಿ. ಆದರೆ ಹೊರಗಿನಿಂದ ಬಂದ ವಿದ್ವಾಂಸನಿಗೆ ಸಿಕ್ಕುವುದು ಕಡತ ಮತ್ತು ಜನರ ನೆನಪು. ಯಂತ್ರ ಒಪ್ಪಂದದಂತೆ ನಡೆಯುತ್ತಿಲ್ಲವೆಂದು ಮೊದಲು ಕಂಡಾಗ ಮೇಲ್ವಿಚಾರಕನ ಮನಸ್ಸಿನಲ್ಲಿ ಎದ್ದ ಸಂದೇಹವೇನು, ಅದನ್ನು ಅವನು ಮೇಲಕ್ಕೆ ಬರೆದನೋ ನುಂಗಿಕೊಂಡನೋ, ನುಂಗಿಕೊಂಡಿದ್ದರೆ ಏಕೆ ಎಂಬುದು ಕಡತಕ್ಕೆ ಇಳಿಯುವುದಿಲ್ಲ. ಅನುಭವಿಯೊಬ್ಬನೇ ಕೊಡಬಲ್ಲ ಜ್ಞಾನವೆಂದರೆ ಇದು. ಅವನು ತನ್ನ ಗೆಲವನ್ನು ವರ್ಣಿಸಿ ಪದವಿ ಪಡೆದರೆ ಲೋಕಕ್ಕೆ ಬಂದ ಲಾಭ ಸ್ವಲ್ಪ. ತಾನು ಎಲ್ಲಿ ತಪ್ಪಿದೆ, ತಪ್ಪುವಾಗ ಅದು ಸರಿಯೆಂದು ಹೇಗೆ ತೋರಿತು ಎಂಬುದನ್ನು ಬರೆಯುವ ಧೈರ್ಯವೇ ಈ ಪದವಿಗೆ ಬೇಕಾದ ಅರ್ಹತೆಗಳಲ್ಲಿ ಮೊದಲನೆಯದು ಎನ್ನಬೇಕು. ಅದನ್ನು ಯಾವ ಅರ್ಜಿಯಲ್ಲಿಯೂ ಕೇಳುವುದಿಲ್ಲ.

ಧೈರ್ಯವಿದ್ದರೂ ಅವನು ಸ್ವತಂತ್ರನಲ್ಲ. ಆಯೋಗ 2022ರಲ್ಲಿ ಹೊರಡಿಸಿದ ಪಿಎಚ್.ಡಿ. ನಿಯಮಾವಳಿಯಂತೆ ಶೋಧಕ್ಕೆ ಮೂರು ವರ್ಷಕ್ಕೆ ಕಡಮೆಯಿಲ್ಲದ ಕಾಲ ಬೇಕು. ಉದ್ಯೋಗದಲ್ಲಿದ್ದುಕೊಂಡು ಓದುವವನು ತನ್ನ ಧಣಿಯಿಂದ ಆಕ್ಷೇಪಣೆಯಿಲ್ಲವೆಂಬ ಪತ್ರವನ್ನೂ ತರಬೇಕು. ಅವನ ಕೆಲಸದ ನಡುವೆ ಶೋಧಕ್ಕೆ ಸಮಯ ದೊರೆಯುವುದೆಂದು ಧಣಿ ಬರೆದುಕೊಡಬೇಕು. ಇದು ವಿಹಿತವೇ. ಆದರೆ ಶೋಧದ ವಿಷಯ ಧಣಿಯ ಮನೆಯೊಳಗಿನದೇ ಆದಾಗ ಆ ಪತ್ರದ ತೂಕ ಬೇರೆಯಾಗುತ್ತದೆ. ಅನುಮತಿಯನ್ನು ಕೊಟ್ಟ ಕೈಯ ಕುಂದನ್ನು ಎಣಿಸುವುದು ಎಷ್ಟು ಮಂದಿಗೆ ಸಾಧ್ಯ?

ಇದಕ್ಕಿಂತ ನಾಜೂಕಾದ ಸಂಗತಿ ಕೆಳಗಿನವರದು. ಕೃಷ್ಣರಾಜಪುರದ ಕಡೆಯ ಒಂದು ಕಾರ್ಖಾನೆಯ ಅಧಿಕಾರಿ, ಕೆಲಸಗಾರರು ಏಕೆ ನಿಲ್ಲದೆ ಬಿಟ್ಟುಹೋಗುತ್ತಾರೆಂಬುದನ್ನು ಶೋಧಿಸುತ್ತಾನೆಂದು ಇಟ್ಟುಕೊಳ್ಳೋಣ. ಅವನು ಕೇಳಬೇಕಾದುದು ತನ್ನ ಕೈಕೆಳಗಿನವರನ್ನೇ. ‘ನಿಮಗೆ ಇಷ್ಟವಿದ್ದರೆ ಹೇಳಿ, ಬಲವಂತವಿಲ್ಲ’ ಎಂದು ಅವನು ಎಷ್ಟು ಮೃದುವಾಗಿ ಹೇಳಿದರೂ, ಕೇಳುವವನ ಕಿವಿಗೆ ಅದು ಅಪ್ಪಣೆಯಾಗಿಯೇ ಬೀಳುತ್ತದೆ. ‘ಇಲ್ಲಿ ಎಲ್ಲಾ ಚೆನ್ನಾಗಿದೆ ಸಾರ್’ ಎಂಬ ಉತ್ತರ ಬಂದರೆ ಅದು ಸುಳ್ಳೆಂದು ಇಬ್ಬರಿಗೂ ಗೊತ್ತು. ನಿಜ ಹೇಳಿದವನು ಆಮೇಲೆ ರಾತ್ರಿಯೆಲ್ಲ ನಿದ್ರೆಗೆಡುತ್ತಾನೆ. ಸಮ್ಮತಿಪತ್ರಕ್ಕೆ ರುಜು ಹಾಕಿಸಿಕೊಂಡ ಮಾತ್ರಕ್ಕೆ ಈ ಅಧರ್ಮ ಕಳೆಯದು. ಬಡತಿಯ ಕಾಗದಕ್ಕೆ ಸಹಿಮಾಡುವ ಕೈಯೇ ಪ್ರಶ್ನೆಯ ಕಾಗದವನ್ನು ನೀಡಬಾರದು. ಆ ಕೆಲಸವನ್ನು ಹೊರಗಿನವನೊಬ್ಬ ಮಾಡಿ, ಹೆಸರುಗಳನ್ನು ಅಧಿಕಾರಿಗೆ ತಿಳಿಸದೆ ಮಾತುಗಳನ್ನಷ್ಟೆ ಕೊಡಬೇಕು. ಹೀಗೆ ಮಾಡಿದರೆ ಅನುಭವಿಗೆ ಒಳಗಿನವನೆಂಬ ಅನುಕೂಲ ಅರ್ಧ ಹೋಗುತ್ತದೆ. ಹೋದರೆ ಹೋಗಲಿ ಎನ್ನಲು ಸಿದ್ಧನಾದವನಿಗೆ ಮಾತ್ರ ಆ ಪದವಿ ಒಪ್ಪುತ್ತದೆ.

ಕಡೆಯದಾಗಿ ಪ್ರಕಟಣೆಯ ನಿಯಮ. ಪಿಎಚ್.ಡಿ. ಪ್ರಬಂಧದ ಪ್ರತಿಯನ್ನು ಇನ್‌ಫ್ಲಿಬ್‌ನೆಟ್ ಎಂಬ ಕೇಂದ್ರಕ್ಕೆ ಒಪ್ಪಿಸಬೇಕೆಂದು ಅದೇ ನಿಯಮಾವಳಿ ವಿಧಿಸುತ್ತದೆ. ಅದರ ಶೋಧಗಂಗಾ ಭಂಡಾರದಲ್ಲಿ ಯಾರು ಬೇಕಾದರೂ ಅಂಥ ಪ್ರಬಂಧಗಳನ್ನು ಓದಬಹುದು. ಗ್ರಂಥದಿಂದ ಗ್ರಂಥ ಬರೆದವನಿಗೆ ಇದರಿಂದ ಸಂತೋಷವೇ. ಕಾರ್ಖಾನೆಯ ಅಧಿಕಾರಿ ಮಾತ್ರ ಇಕ್ಕಟ್ಟಿಗೆ ಸಿಕ್ಕುತ್ತಾನೆ. ಕಂಪನಿಯ ಗುಟ್ಟನ್ನು ಕಾಯುವೆನೆಂದು ಅವನು ಕೊಟ್ಟ ಮಾತು ಒಂದು. ತಿಳಿದುದನ್ನು ಮರೆಮಾಚದೆ ಹೇಳುವೆನೆಂದು ವಿದ್ಯೆಗೆ ಕೊಡುವ ಮಾತು ಇನ್ನೊಂದು. ಹಲವರು ಕಂಪನಿಯ ಹೆಸರನ್ನು ಮರೆಸಿ, ಅಂಕಿಗಳನ್ನು ಮಸುಕುಮಾಡಿ, ಎರಡು ಮಾತನ್ನೂ ಉಳಿಸಿಕೊಂಡೆವೆಂದು ನೆಮ್ಮದಿಪಡುತ್ತಾರೆ. ಎದುರಾಳಿ ಕಂಪನಿಯವನು ಅದನ್ನು ಓದಿ ಏನೂ ತಿಳಿಯದೆ ಮಡಿಸಿಡುತ್ತಾನೆ. ಆದರೆ ಓದುವವನು ಅವನೊಬ್ಬನೇ ಅಲ್ಲ. ಆ ಕಾರ್ಖಾನೆಯ ಕೆಲಸಗಾರನೊಬ್ಬನ ಮಗಳು ಎಂ.ಕಾಂ. ಓದುತ್ತ, ತನ್ನ ಪಾಠಕ್ಕೆ ಬೇಕಾಗಿ ಭಂಡಾರವನ್ನು ತೆರೆದು, ‘ಉತ್ತರದಾತ 14’ ಎಂಬ ಹೆಸರಿನ ಕೆಳಗೆ ಇಂಗ್ಲೀಷಿಗೆ ತಿರುಗಿದ ನಾಲ್ಕು ವಾಕ್ಯಗಳನ್ನು ಓದಬಹುದು. ರಾತ್ರಿಪಾಳಿ, ಮಂಡಿನೋವು, ಕೇಳಿದರೂ ಸಿಕ್ಕದ ರಜೆ ಎಂಬ ಆ ದೂರನ್ನು ಮನೆಯಲ್ಲಿ ಎಷ್ಟೋ ಸಲ ಕೇಳಿದ್ದವಳಿಗೆ ಉತ್ತರದಾತ ಯಾರೆಂದು ತಿಳಿಯಲು ಹೊತ್ತು ಹಿಡಿಯದು. ಮುಂದಿನ ಪುಟವನ್ನು ತಿರುಗಿಸಿ, ಆ ಮಾತನ್ನು ಕೇಳಿದ ಮೇಲೆ ಬರೆದವರು ಏನು ಮಾಡಿದರೆಂದು ಅವಳು ಹುಡುಕುತ್ತಾಳೆ.